ಪ್ರವಾಸದ ಫೋಟೋ ಸಪ್ಪೆ ಬರುವುದು ಯಾಕೆ?

ಪ್ರಶ್ನೆ: ನಾನು ದಾವಣಗೆರೆಯವಳು, ಹೈಸ್ಕೂಲ್ ಟೀಚರ್. ಎಲ್ಲಿಗೆ ಹೋದರೂ ಫೋನಿನಲ್ಲಿ ಇನ್ನೂರು ಮುನ್ನೂರು ಫೋಟೋ ತೆಗೆಯುತ್ತೇನೆ. ಮನೆಗೆ ಬಂದು ನೋಡಿದರೆ ಒಂದೂ ಮನಸ್ಸಿಗೆ ಹಿಡಿಸುವುದಿಲ್ಲ. ಅದೇ ಜಾಗದಲ್ಲಿ ಬೇರೆಯವರು ತೆಗೆದದ್ದು ನೋಡಿದರೆ ಬೇಜಾರಾಗುತ್ತದೆ. ಈ ಸಂಕ್ರಾಂತಿಗೆ ಮಂಡ್ಯದ ಹತ್ತಿರದ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಬರುತ್ತಿದ್ದೇವೆ. ಮೂರು ದಿನ ಇರುತ್ತೇವೆ. ಮೈಸೂರು, ಶ್ರೀರಂಗಪಟ್ಟಣ, ರಂಗನತಿಟ್ಟು, ಮೇಲುಕೋಟೆ, ಸೋಮನಾಥಪುರ ಎಲ್ಲ ನೋಡುವ ಆಸೆ. ಜೊತೆಗೆ ಅಮ್ಮ, ಇಬ್ಬರು ಮಕ್ಕಳು. ಹೊಸ ಕ್ಯಾಮೆರಾ ಕೊಳ್ಳಬೇಕಾ? ಒಳ್ಳೆಯ ಫೋಟೋ ಹುಡುಕುವುದು ಹೇಗೆ? ಹಂಪಿ, ಬಾದಾಮಿಯಲ್ಲಿ ತೆಗೆದ 20 ಫೋಟೋ ಕಳಿಸಿದ್ದೇನೆ, ನೋಡಿ ಹೇಳಿ. ಇನ್ನೊಂದು ವಿಷಯ. ನಮ್ಮಮ್ಮ ಕ್ಯಾಮೆರಾ ಕಂಡರೆ ಕಲ್ಲಿನ ಹಾಗೆ ನಿಂತುಬಿಡುತ್ತಾರೆ. ಅದಕ್ಕೇನಾದರೂ ದಾರಿ ಇದೆಯಾ?

ಉತ್ತರ: ಮೇಡಂ, ಕ್ಯಾಮೆರಾ ಮಾತು ಮೊದಲೇ ಮುಗಿಸಿಬಿಡೋಣ. ಈ ಪ್ರವಾಸಕ್ಕೆ ಬೇಡ. ಹೊಸ ಕ್ಯಾಮೆರಾ ಕೈಗೆ ಪಳಗುವುದಕ್ಕೆ ತಿಂಗಳುಗಟ್ಟಲೆ ಬೇಕು, ನಿಮಗಿರುವುದು ಮೂರು ದಿನ. ಇರುವ ಫೋನನ್ನೇ ತನ್ನಿ. ಜೊತೆಗೆ ಹಳೆಯ ಪಂಚೆಯ ಒಂದು ಮೆತ್ತನೆ ಚೂರು ಇಟ್ಟುಕೊಳ್ಳಿ. ಬ್ಯಾಗಿನಲ್ಲಿ ಬಿದ್ದಿರುವ ಫೋನಿನ ಲೆನ್ಸ್ ಮೇಲೆ ಯಾವಾಗಲೂ ಬೆರಳಿನ ಜಿಡ್ಡು ಇರುತ್ತದೆ. ಬೆಳಕಿಗೆ ಎದುರಾಗಿ ತೆಗೆದದ್ದು ಮಂಕಾಗುವುದು, ರಾತ್ರಿ ದೀಪದಿಂದ ಉದ್ದುದ್ದ ಗೆರೆ ಎದ್ದು ಬರುವುದು ಬಹಳ ಸಲ ಅದರಿಂದಲೇ. ಫೋಟೋ ತೆಗೆಯುವ ಮುಂಚೆ ಪ್ರತಿ ಸಲ ಒರೆಸಿ.

ಈಗ ನಿಮ್ಮ ಫೋಟೋಗಳಿಗೆ ಬರುತ್ತೇನೆ. ಇಪ್ಪತ್ತನ್ನೂ ಒಂದೊಂದಾಗಿ ನೋಡಿದೆ. ತೆಗೆದ ಹೊತ್ತು ಫೋಟೋದ ವಿವರದಲ್ಲೇ ಇರುತ್ತದೆ. ಹದಿನೇಳು ಫೋಟೋ ಬೆಳಗ್ಗೆ 11ರಿಂದ ಮಧ್ಯಾಹ್ನ 3ರ ಒಳಗಿನವು. ಕಲ್ಲೆಲ್ಲ ಬಿಳುಚಿಕೊಂಡಿದೆ, ಮಕ್ಕಳು ಕಣ್ಣು ಕಿರಿದು ಮಾಡಿ ನಿಂತಿದ್ದಾರೆ. ಹೆಚ್ಚುಕಡಿಮೆ ಎಲ್ಲವನ್ನೂ ನೀವು ನಿಂತ ಎತ್ತರದಿಂದಲೇ ತೆಗೆದಿದ್ದೀರಿ. ಕಲ್ಲಿನ ರಥದ ಮುಂದೆ ನಾಲ್ಕು ಫೋಟೋ ಇವೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ 50 ಸೆಕೆಂಡು.

ಆದರೆ ಒಂದು ಫೋಟೋ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಮೂವರು ಹೆಂಗಸರು ಬಟ್ಟೆ ಒಗೆಯುತ್ತಿರುವುದು. ಒಬ್ಬಾಕೆ ಸೀರೆಯನ್ನು ಎತ್ತಿ ಬಡಿಯುವ ಗಳಿಗೆ, ನೀರಿನ ಹನಿ ಗಾಳಿಯಲ್ಲಿದೆ, ಹಿಂದೆ ನೆರಳಿನ ಕಪ್ಪು. ತುಂಬ ಚೆನ್ನಾಗಿದೆ. ಅದರ ಹೊತ್ತು ನೋಡಿದೆ. ಅದೇ ಜಾಗದಲ್ಲಿ ತೆಗೆದ ಮೊದಲ ಫೋಟೋಗೂ ಇದಕ್ಕೂ ನಡುವೆ 11 ನಿಮಿಷ. ಫೋಟೋ ಜೊತೆ ನೀವೇ ಬರೆದಿದ್ದೀರಿ, ಅಮ್ಮನಿಗೆ ಕಾಲು ನೋವು ಬಂದು ಅಲ್ಲಿ ಕೂತಿದ್ದೆವು ಅಂತ. ಅಮ್ಮ ಕೂತಿದ್ದರಿಂದ ನೀವೂ ಕೂತಿರಿ. ಕೂತದ್ದರಿಂದ ಆ ಸೀರೆ ಮೇಲೇಳುವುದು ನಿಮಗೆ ಕಂಡಿತು.

ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಅದೇ. ನೀವು ಫೋಟೋ ಹುಡುಕಿಕೊಂಡು ಓಡುತ್ತಿದ್ದೀರಿ. ಒಳ್ಳೆಯ ಬೆಳಕು, ಒಳ್ಳೆಯ ಹಿನ್ನೆಲೆ ಇರುವ ಒಂದು ಜಾಗ ನೋಡಿಕೊಂಡು ಅಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿ. ಏನಾದರೂ ನಡೆದೇ ನಡೆಯುತ್ತದೆ. ಮೈಸೂರಿನಲ್ಲಿ ಹೊಸಬರನ್ನು ಕರೆದುಕೊಂಡು ಬೆಳಗ್ಗೆ ಫೋಟೋ ತೆಗೆಯಲು ಹೋಗುವ ಕೆಲಸವನ್ನು ಎಷ್ಟೋ ವರ್ಷಗಳಿಂದ ಮಾಡುತ್ತಿದ್ದೇನೆ. ಎರಡು ಗಂಟೆ ನಡೆದು ಇಡೀ ಪೇಟೆ ಸುತ್ತಿದವರಿಗಿಂತ ಒಂದು ಮೂಲೆಯಲ್ಲಿ ನಿಂತವರೇ ಚೆನ್ನಾಗಿ ತೆಗೆದುಕೊಂಡು ಬರುತ್ತಾರೆ.

ಅದಕ್ಕೆ ನಿಮ್ಮ ಪಟ್ಟಿಯಿಂದ ಎರಡು ಜಾಗ ತೆಗೆದುಹಾಕುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ರಂಗನತಿಟ್ಟು ನೋಡಲು ಹೋಗಿ, ಫೋಟೋಗೆ ಅಂತ ಹೋಗಬೇಡಿ. ದೋಣಿಯಿಂದ ಹಕ್ಕಿ ತೆಗೆಯುವುದಕ್ಕೆ ಉದ್ದ ಲೆನ್ಸ್ ಬೇಕು, ಫೋನಿನಲ್ಲಿ ಜೂಮ್ ಎಳೆದರೆ ಹಕ್ಕಿ ಕಲಸಿದ ಬಣ್ಣವಾಗುತ್ತದೆ. ಫೋನಿಗೆ ಸಿಗುವ ಹಕ್ಕಿ ಬೇಕಿದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನಿಮಗೆ ಹತ್ತಿರ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರ, ಅರಳಿ ಮರದ ಮೇಲೇ ಗೂಡು ಕಟ್ಟುತ್ತವೆ. ಕೆಳಗೆ ಹಸು ಕಟ್ಟಿದ ಜಗಲಿ, ಮೇಲೆ ರೆಕ್ಕೆ ಬಿಚ್ಚಿದ ಹೆಜ್ಜಾರ್ಲೆ, ಎರಡೂ ಒಂದೇ ಫೋಟೋದಲ್ಲಿ ಕೂರುತ್ತವೆ. ಇನ್ನು ಶ್ರೀರಂಗಪಟ್ಟಣ. ಅದಕ್ಕೆ ಒಂದು ಪೂರ್ತಿ ದಿನ ಬೇಕು. ಕೋಟೆ, ದರಿಯಾ ದೌಲತ್, ಸಂಗಮ ಎಲ್ಲವನ್ನೂ ದಾರಿಯಲ್ಲಿ ಇಳಿದು ಹತ್ತಿ ನೋಡಿದರೆ ಹಂಪಿಯ ಕಥೆಯೇ ಆಗುತ್ತದೆ. ಇನ್ನೊಂದು ಸಲ ಅದಕ್ಕೆಂದೇ ಬನ್ನಿ.

ಬೆಳಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬೆಳಗ್ಗೆ ಸಂಜೆ ಒಂದೊಂದು ಗಂಟೆ ಹೊಂಬಿಸಿಲು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ಯುರೋಪಿನಂಥ ಕಡೆಯ ಲೆಕ್ಕ. ಅಲ್ಲಿ ಸೂರ್ಯ ವಾರೆಯಾಗಿ, ನಿಧಾನವಾಗಿ ಏರುತ್ತಾನೆ. ನಾವು ಸಮಭಾಜಕಕ್ಕೆ ಹತ್ತಿರ ಇರುವವರು, ಸುಮಾರು 12 ಡಿಗ್ರಿ ಉತ್ತರ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೆ ಹೋಗುತ್ತಾನೆ. ನಿಜವಾದ ಜೇನಿನ ಬಣ್ಣದ ಬಿಸಿಲು ಸಿಗುವುದು ಅರ್ಧ ಗಂಟೆ, ಜಾಸ್ತಿ ಅಂದರೆ ಮುಕ್ಕಾಲು ಗಂಟೆ. ಸಂಕ್ರಾಂತಿ ಹೊತ್ತಿಗೆ ಈ ಕಡೆ ಸೂರ್ಯ ಹುಟ್ಟುವುದು ಸುಮಾರು 6:45ಕ್ಕೆ, ಮುಳುಗುವುದು 6:15ರ ಆಸುಪಾಸು. ಅಂದರೆ 7:30ಕ್ಕೆ ತಿಂಡಿ ಮುಗಿಸಿ ಹೊರಟವರಿಗೆ ಬೆಳಗಿನ ಬೆಳಕು ಕೈತಪ್ಪಿದ ಹಾಗೆಯೇ. ಮಕ್ಕಳು, ಅಮ್ಮ ಮಲಗಿರಲಿ. ನೀವೊಬ್ಬರೇ 6:15ಕ್ಕೆ ಎದ್ದು ಊರ ಹೊರಗೆ ಹೋಗಿ, 8ಕ್ಕೆ ವಾಪಸ್ ಬಂದು ಎಲ್ಲರ ಜೊತೆ ತಿಂಡಿ ತಿನ್ನಬಹುದು.

ಜನವರಿಯಲ್ಲಿ ನಿಮಗೆ ಒಂದು ಅನುಕೂಲವೂ ಇದೆ. ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ. ಬೇಸಿಗೆಯಲ್ಲಿ, ಅದರಲ್ಲೂ ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ಕಣ್ಣಿನ ಗುಳಿಯೆಲ್ಲ ಕಪ್ಪಾಗುತ್ತದೆ. ಸಂಕ್ರಾಂತಿಯಲ್ಲಿ ಮಧ್ಯಾಹ್ನವೂ ನೆರಳು ಸ್ವಲ್ಪ ಓರೆಯಾಗಿ ಬೀಳುತ್ತದೆ. ಆದ್ದರಿಂದ ಮಧ್ಯಾಹ್ನ ಪೂರ್ತಿ ಕೈಬಿಡಬೇಕಾಗಿಲ್ಲ.

ಅಕ್ಕನ ಊರಿನಿಂದಲೇ ಶುರು ಮಾಡಿ. ಮಂಡ್ಯದ ಬಯಲು ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ನೆಲ. ಜನವರಿ ಬೆಳಗ್ಗೆ ಗದ್ದೆ, ಕಬ್ಬಿನ ತೋಟದ ಮೇಲೆ ಎಷ್ಟೋ ದಿನ ತೆಳ್ಳಗೆ ಮಂಜು ನಿಂತಿರುತ್ತದೆ. ಮಂಜನ್ನು ಸೂರ್ಯನ ಕಡೆಗೆ ಮುಖ ಮಾಡಿ ತೆಗೆಯಿರಿ. ಸೂರ್ಯನಿಗೆ ಬೆನ್ನು ಹಾಕಿ ತೆಗೆದರೆ ಮಂಜು ಕಾಣುವುದೇ ಇಲ್ಲ, ಬರೀ ಮಸುಕು ಬರುತ್ತದೆ. ಎದುರಿಗೆ ಬೆಳಕಿದ್ದರೆ ಹತ್ತಿರದ ಕಬ್ಬಿನ ಗರಿ ಕಪ್ಪು, ಅದರ ಹಿಂದಿನ ತೆಂಗು ಬೂದು, ಇನ್ನೂ ಹಿಂದಿನದು ಇನ್ನೂ ತಿಳಿ. ಹೀಗೆ ಪದರ ಪದರವಾಗಿ ಬರುತ್ತದೆ. ನಾಲೆ ಏರಿಯ ಮೇಲೆ ಒಂದು ಕಡೆ ನಿಂತು, ಸೈಕಲ್ಲೋ ಕಬ್ಬಿನ ಗಾಡಿಯೋ ಆ ತಿಳಿ ಬೂದು ಜಾಗಕ್ಕೆ ಬರುವ ತನಕ ಕಾಯಿರಿ.

ಆಲೆಮನೆಗೆ ಒಂದು ಬೆಳಗ್ಗೆ ಇಡಿ. ಹಬ್ಬದ ದಿನ ಗಾಣ ನಿಲ್ಲಿಸಿರಬಹುದು, ನಿಮ್ಮ ಭಾವನವರನ್ನು ಕೇಳಿ ಹಿಂದಿನ ದಿನವೋ ಮಾರನೇ ದಿನವೋ ಗೊತ್ತು ಮಾಡಿಕೊಳ್ಳಿ. ಭಾವನವರು ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಕೆಲಸದವರಿಗೆ ನೀವು ಯಾರ ಮನೆಯವರು ಅಂತ ಗೊತ್ತಾದರೆ ಸಾಕು, ಮುಖ ಸಡಿಲವಾಗುತ್ತದೆ.

ಒಳಗೆ ಹೋದ ತಕ್ಷಣ ಫೋನ್ ಎತ್ತಬೇಡಿ. ಮೊದಲು ಕಬ್ಬಿನ ಹಾಲು ಕೊಡುತ್ತಾರೆ, ಕುಡಿಯಿರಿ. ಕುಡಿಯುತ್ತಾ ಬೆಳಕು ಎಲ್ಲಿಂದ ಬರುತ್ತಿದೆ ನೋಡಿ. ಆಲೆಮನೆ ಒಳಗೆ ಕತ್ತಲು ಜಾಸ್ತಿ. ಗೋಡೆಯ ಸಂದಿಯಿಂದ, ಬಾಗಿಲ ಕಡೆಯಿಂದ ಮಾತ್ರ ಬಿಸಿಲು ಬೀಳುತ್ತದೆ. ಕೊಪ್ಪರಿಗೆಯಲ್ಲಿ ಹಾಲು ಕುದಿದು ದಟ್ಟ ಹಬೆ ಏಳುತ್ತಿರುತ್ತದೆ. ಆ ಹಬೆ ಫೋಟೋದಲ್ಲಿ ಕಾಣಬೇಕಾದರೆ ಎರಡು ಬೇಕು. ಹಬೆಯ ಹಿಂದಿನಿಂದಲೋ ಪಕ್ಕದಿಂದಲೋ ಬೆಳಕು ಬರಬೇಕು, ಅದರ ಬೆನ್ನಿಗೆ ಕಪ್ಪು ಗೋಡೆ ಇರಬೇಕು. ಇವೆರಡೂ ಸೇರುವ ಒಂದೇ ಒಂದು ಜಾಗ ಇರುತ್ತದೆ. ಕೊಪ್ಪರಿಗೆ ಸುತ್ತ ಒಂದು ಸುತ್ತು ನಿಧಾನವಾಗಿ ನಡೆದರೆ ನಿಮ್ಮ ಕಣ್ಣಿಗೇ ಸಿಗುತ್ತದೆ. ಒಂದು ಕಡೆಯಿಂದ ನೋಡಿದರೆ ಬರೀ ಕತ್ತಲು, ಎರಡು ಹೆಜ್ಜೆ ಮುಂದೆ ಹೋದರೆ ಇಡೀ ಹಬೆ ಬೆಳ್ಳಗೆ ಹೊತ್ತಿಕೊಂಡ ಹಾಗೆ ಕಾಣುತ್ತದೆ.

ಅಲ್ಲಿ ನಿಲ್ಲಿ. ಈಗ ಫೋನ್ ಎತ್ತಿ. ಪರದೆಯ ಮೇಲೆ ಬೆಳ್ಳಗಿರುವ ಹಬೆಯನ್ನು ಮುಟ್ಟಿ, ಬೆರಳನ್ನು ಹಾಗೇ ಒತ್ತಿ ಹಿಡಿಯಿರಿ. ಬೆಳಕಿನ ಅಳತೆ ಅಲ್ಲಿಗೆ ಲಾಕ್ ಆಗುತ್ತದೆ. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಕತ್ತಲು ನಿಜವಾಗಿಯೂ ಕತ್ತಲಾಗುವ ತನಕ. ಫೋನಿಗೆ ಕತ್ತಲು ಕಂಡರೆ ಆಗದು. ಎಲ್ಲವನ್ನೂ ಹಗಲು ಮಾಡಲು ಹೊರಡುತ್ತದೆ, ನಾವು ತಡೆಯಬೇಕು. ಈ ಒಂದು ಕೆಲಸ ಕಲಿತರೆ ನಿಮ್ಮ ಅರ್ಧ ಫೋಟೋಗಳು ಅವತ್ತೇ ಬದಲಾಗುತ್ತವೆ.

ಪಾಕ ಹದಕ್ಕೆ ಬರುವಾಗ ಅದನ್ನು ತಿರುವುವವರು ಕೊಪ್ಪರಿಗೆ ಮೇಲೆ ಬಾಗುತ್ತಾರೆ. ಒಂದು ಹನಿ ನೀರಿಗೆ ಬಿಟ್ಟು ಬೆರಳಿನಲ್ಲಿ ಉರುಟಿ ನೋಡುತ್ತಾರೆ. ಆ ಬೆರಳು, ಆ ಕಣ್ಣು ಎರಡೂ ಒಂದೇ ಕಡೆ ನೆಟ್ಟಿರುತ್ತವೆ. ಅದಕ್ಕೇ ಕಾಯಬೇಕು. ಪಾಕವನ್ನು ಸುರಿದ ಮೇಲೆ ಎಲ್ಲ ಬೇಗ ಬೇಗ ನಡೆಯುತ್ತದೆ. ಅಚ್ಚಿಗೆ ತುಂಬುವುದು, ಕೆರೆಯುವುದು, ಅಂಚಿಗೆ ಅಂಟಿದ್ದನ್ನು ಮಕ್ಕಳು ಕಡ್ಡಿಯಲ್ಲಿ ತೆಗೆದು ತಿನ್ನುವುದು. ಹುಷಾರು, ಕುದಿಯುವ ಪಾಕದ ಹತ್ತಿರ ನಿಮ್ಮ ಮಕ್ಕಳನ್ನು ಬಿಡಬೇಡಿ. ಹಬೆಗೆ ಲೆನ್ಸ್ ಮಬ್ಬಾಗುತ್ತಲೇ ಇರುತ್ತದೆ, ಪಂಚೆ ಚೂರು ಕೈಯಲ್ಲೇ ಇರಲಿ. ಆಮೇಲೆ ಮಂಡ್ಯದ ಯಾವುದಾದರೂ ಸ್ಟುಡಿಯೋದಲ್ಲಿ ಒಂದು ಪ್ರಿಂಟ್ ಹಾಕಿಸಿ ಭಾವನವರ ಕೈಯಲ್ಲಿ ಆಲೆಮನೆಯವರಿಗೆ ಕಳಿಸಿಕೊಡಿ. ಇದನ್ನು ಮರೆಯಬೇಡಿ. ಅಷ್ಟು ಹೊತ್ತು ಅವರ ಕೆಲಸದ ನಡುವೆ ನಿಮಗೆ ಜಾಗ ಕೊಟ್ಟಿರುತ್ತಾರೆ.

ಚೌಕಟ್ಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ಅಡ್ಡ ಉದ್ದ ಗೆರೆಗಳ ಗ್ರಿಡ್ ಇರುತ್ತದೆ, ಆನ್ ಮಾಡಿ. ಮುಖ್ಯವಾದದ್ದನ್ನು ನಡುವೆ ಇಡದೆ ಗೆರೆ ಕೂಡುವ ಕಡೆ ಇಡಿ ಅನ್ನುತ್ತಾರಲ್ಲ, ಒಳ್ಳೆಯ ಸಲಹೆಯೇ. ಆದರೆ ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ದೊಡ್ಡದು ಹಿನ್ನೆಲೆ. ನಿಮ್ಮ ಫೋಟೋಗಳಲ್ಲಿ ಮಗಳ ತಲೆಯಿಂದ ಕಂಬ ಬೆಳೆದಿದೆ, ಅಮ್ಮನ ಕುತ್ತಿಗೆಗೆ ಸರಿಯಾಗಿ ಗೋಡೆಯ ಅಂಚು ಹಾದುಹೋಗಿದೆ. ಬಟನ್ ಒತ್ತುವ ಮುಂಚೆ ಚೌಕಟ್ಟಿನ ನಾಲ್ಕು ಅಂಚಿನ ಮೇಲೆ ಒಮ್ಮೆ ಕಣ್ಣು ಓಡಿಸಿ. ಅರ್ಧ ಕತ್ತರಿಸಿದ ಕೈ, ಬಿಳಿ ಪ್ಲಾಸ್ಟಿಕ್ ಕವರ್, ಪಕ್ಕದ ಕಾರಿನ ಮೂತಿ, ಏನಿದ್ದರೂ ಅಲ್ಲೇ ಸಿಗುತ್ತದೆ. ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದರೆ ಹೋಗುತ್ತದೆ. ಮಕ್ಕಳನ್ನು ತೆಗೆಯುವಾಗ ಮಂಡಿ ಊರಿ ಅವರ ಕಣ್ಣಿನ ಎತ್ತರಕ್ಕೆ ಬನ್ನಿ. ಇಬ್ಬರು ಮೂವರು ಇದ್ದರೆ ಒಬ್ಬರ ತಲೆ ಇನ್ನೊಬ್ಬರ ಮೇಲೆ ಹತ್ತದಂತೆ ನಡುವೆ ಒಂದು ಚೂರು ಜಾಗ ಬರುವ ತನಕ ಕಾಯಿರಿ. ಬಾದಾಮಿಯ ನಿಮ್ಮ ಆ ಫೋಟೋದಲ್ಲಿ ಮೂವರು ಹೆಂಗಸರ ನಡುವೆಯೂ ಹಾಗೆ ಖಾಲಿ ಜಾಗ ಇದೆ, ಆ ಫೋಟೋವನ್ನು ಇನ್ನೊಮ್ಮೆ ನೋಡಿ.

ಹಬ್ಬದ ಮಧ್ಯಾಹ್ನ ಹೆಣ್ಣುಮಕ್ಕಳು ಎಳ್ಳು ಬೀರಲು ಹೊರಡುತ್ತಾರೆ. ನಿಮ್ಮ ಮಗಳೂ ಹೋಗುತ್ತಾಳೆ ಅಲ್ವಾ? ಮುಂದೆ ನಿಲ್ಲಿಸಿ ತಟ್ಟೆ ತೋರಿಸು ಅನ್ನಬೇಡಿ. ಅವಳಿಗಿಂತ ಮುಂಚೆ ಎದುರು ಮನೆಯೊಳಗೆ ಹೋಗಿ, ಒಳಗಿನಿಂದ ಬಾಗಿಲ ಕಡೆ ನೋಡುತ್ತಾ ನಿಲ್ಲಿ. ಹೊಸಿಲು ದಾಟುವಾಗ ಬಾಗಿಲೇ ಚೌಕಟ್ಟಾಗುತ್ತದೆ, ಹೊರಗಿನ ರಂಗೋಲಿ ಕಾಲ ಕೆಳಗೆ ಬರುತ್ತದೆ.

ಸಂಜೆ ಕಿಚ್ಚು ಹಾಯಿಸುವುದು. ಮಂಡ್ಯ, ಮೈಸೂರು ಸೀಮೆಯ ಸಂಕ್ರಾಂತಿ ನೋಡಲು ಬಂದವರು ಇದನ್ನು ಬಿಟ್ಟು ಹೋಗಬಾರದು. ಕೊಂಬಿಗೆ ಬಣ್ಣ, ಕೊರಳಿಗೆ ಹೂವು ಹಾಕಿದ ಎತ್ತು ಹಸುಗಳನ್ನು ಉರಿಯುವ ಹುಲ್ಲಿನ ಮೇಲೆ ಓಡಿಸುತ್ತಾರೆ. ಒಂದು ಜೊತೆ ದಾಟುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಆದ್ದರಿಂದ ಎಲ್ಲ ಮೊದಲೇ ಸಿದ್ಧ ಇರಬೇಕು. ಹುಲ್ಲು ಹರಡುವಾಗಲೇ ಹೋಗಿ ಜಾಗ ಹಿಡಿಯಿರಿ. ದನಗಳು ಓಡಿ ಬರುವ ದಿಕ್ಕಿನ ಎದುರಿಗೆ ಯಾವತ್ತೂ ನಿಲ್ಲಬೇಡಿ. ಬೆಂಕಿ ದಾಟಿದ ಮೇಲೆ ಬೆದರಿದ ದನ ಎತ್ತ ನುಗ್ಗುತ್ತದೋ ಹೇಳುವುದಕ್ಕಾಗದು. ಪಕ್ಕಕ್ಕೆ, ಜನರ ಸಾಲಿನ ಹಿಂದೆ, ಒಂದು ಜಗಲಿಯೋ ಕಟ್ಟೆಯೋ ಹತ್ತಿ ನಿಲ್ಲಿ. ಹಿಂದೆ ಟ್ಯೂಬ್‌ಲೈಟ್ ಇಲ್ಲದ, ಮರವೋ ಕತ್ತಲ ಆಕಾಶವೋ ಇರುವ ಕಡೆ ನೋಡಿಕೊಳ್ಳಿ.

ನೈಟ್ ಮೋಡ್ ಆಫ್ ಮಾಡಿ. ಅದು ಒಂದೆರಡು ಸೆಕೆಂಡು ಬೆಳಕು ಕೂಡಿಹಾಕುತ್ತದೆ, ಎತ್ತು ಕೆಂಪು ಗೆರೆಯಾಗಿ ಕಲಸಿಹೋಗುತ್ತದೆ. ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್ ಫೋನಿನಲ್ಲಿದ್ದರೆ ಶಟರ್ ವೇಗವನ್ನು 1/500 ಸೆಕೆಂಡಿಗೆ ಇಟ್ಟು, ಐಎಸ್‌ಒ, ಅಂದರೆ ಬೆಳಕಿಗೆ ಫೋನಿನ ಸೂಕ್ಷ್ಮತೆ, 1600ರಿಂದ ಶುರು ಮಾಡಿ. ಇಲ್ಲದಿದ್ದರೆ ಮೊದಲ ಜ್ವಾಲೆ ಎದ್ದಾಗ ಅದರ ಮೇಲೆ ಬೆರಳಿಟ್ಟು ಲಾಕ್ ಮಾಡಿ, ಬೆಳಕು ಇಳಿಸಿ, ಬರ್ಸ್ಟ್‌ನಲ್ಲಿ ಸಾಲಾಗಿ ತೆಗೆಯಿರಿ. ಇಪ್ಪತ್ತರಲ್ಲಿ ಒಂದು ಸಿಕ್ಕರೂ ಸಂತೋಷ. ಫ್ಲ್ಯಾಶ್ ಮಾತ್ರ ಹಾಕಲೇಬೇಡಿ, ದನ ಹೆದರುತ್ತವೆ. ಎರಡು ಮೂರು ಜೊತೆ ದಾಟಿದ ಮೇಲೆ ಬೆಂಕಿಗೆ ಬೆನ್ನು ಮಾಡಿ ತಿರುಗಿ ನೋಡಿ. ಅಪ್ಪಂದಿರ ಹೆಗಲ ಮೇಲೆ ಕೂತ ಮಕ್ಕಳು, ಬಾಯಿಗೆ ಸೆರಗು ಹಿಡಿದ ಅಜ್ಜಿಯರು, ಎಲ್ಲರ ಮುಖದ ಮೇಲೆ ಆ ಕೆಂಪು ಬೆಳಕು ಕುಣಿಯುತ್ತಿರುತ್ತದೆ. ನನಗೆ ತುಂಬ ಪ್ರೀತಿಯ ಕಿಚ್ಚಿನ ಫೋಟೋದಲ್ಲಿ ಬೆಂಕಿಯೂ ಇಲ್ಲ, ದನವೂ ಇಲ್ಲ. ಅಂಥದ್ದೊಂದು ಮುಖ ಮಾತ್ರ ಇದೆ.

ಮೇಲುಕೋಟೆಗೆ ಬೆಳಕು ಹರಿಯುವ ಮುಂಚೆ ಹೊರಡಿ, ಮಂಡ್ಯದಿಂದ ಸುಮಾರು ಒಂದು ಗಂಟೆ ದಾರಿ. ಬೆಳಗ್ಗೆ ಗಾಳಿ ಇಲ್ಲದಾಗ ಕಲ್ಯಾಣಿಯ ನೀರು ಕನ್ನಡಿಯ ಹಾಗೆ ನಿಂತಿರುತ್ತದೆ. ಮೆಟ್ಟಿಲಿಳಿದು ಫೋನನ್ನು ನೀರಿನ ಮಟ್ಟಕ್ಕೆ ತನ್ನಿ, ಮಂಟಪದ ಕಂಬಗಳು ಕೆಳಗೂ ಮೇಲೂ ಪೂರ್ತಿ ಸಿಗುತ್ತವೆ. ಆಮೇಲೆ ಯೋಗನರಸಿಂಹನ ಬೆಟ್ಟ ಹತ್ತುತ್ತಾ ಹಿಂದಕ್ಕೆ ತಿರುಗಿ ನೋಡಿ. ಅದೇ ಕಲ್ಯಾಣಿ ಮೇಲಿನಿಂದ ಅಚ್ಚುಕಟ್ಟಾದ ಚೌಕಗಳಾಗಿ ಕಾಣುತ್ತದೆ, ಮೆಟ್ಟಿಲಿನ ಗೆರೆಗಳ ನಡುವೆ ಮನುಷ್ಯರು ಚುಕ್ಕಿಗಳು. ಇಲ್ಲಿ ಎರಡು ಮೂರು ಪಟ್ಟು ಹತ್ತಿರ ತೋರಿಸುವ 2ಎಕ್ಸ್ ಅಥವಾ 3ಎಕ್ಸ್ ಲೆನ್ಸ್ ಉಪಯೋಗಿಸಿ. ಅಮ್ಮನಿಗೆ ಬೆಟ್ಟ ಹತ್ತಲು ಆಗದಿದ್ದರೆ ಕಲ್ಯಾಣಿ ಮಂಟಪದ ನೆರಳಿನಲ್ಲಿ ಕೂತಿರಲಿ, ನೀವು ಮೇಲಿನಿಂದ ಅವರನ್ನೇ ತೆಗೆಯಬಹುದು. ರಾಯಗೋಪುರ ಪೂರ್ತಿಯಾಗದೆ ನಿಂತದ್ದು. ಆ ಎತ್ತರದ ಕಂಬಗಳ ನಡುವೆ ಒಬ್ಬರು ನಡೆದು ಹೋಗುವ ತನಕ ಕಾಯಿರಿ, ಅದರ ಗಾತ್ರ ಆಗ ತಿಳಿಯುತ್ತದೆ. ಕೋತಿಗಳಿವೆ. ಫೋನ್ ಹಿಡಿದ ಕೈಯಲ್ಲಿ ತಿಂಡಿ ಪೊಟ್ಟಣ ಇರಬಾರದು.

ಸೋಮನಾಥಪುರಕ್ಕೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಹದಿಮೂರನೇ ಶತಮಾನದ ಗುಡಿ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಜನ ಹೆಚ್ಚಾಗಿದ್ದಾರೆ. ಕೆತ್ತನೆ ಎದ್ದು ಕಾಣುವುದು ಓರೆ ಬೆಳಕಿನಲ್ಲಿ. ಬೆಳಕು ಗೋಡೆಗೆ ನೇರ ಬಿದ್ದರೆ ಆನೆ ಸಾಲು, ಕುದುರೆ ಸಾಲು ಎಲ್ಲ ಚಪ್ಪಟೆ. ಗೋಡೆಯನ್ನು ಸವರಿಕೊಂಡು ಬಂದರೆ ಆನೆಯ ಸೊಂಡಿಲಿನ ಸುಕ್ಕೂ ಕಾಣುತ್ತದೆ. ಜನವರಿಯಲ್ಲಿ ದಕ್ಷಿಣದ ಗೋಡೆ ನಿಮ್ಮದು. ಉತ್ತರದ ಕಡೆ ನೇರ ಬಿಸಿಲು ಬರುವುದಿಲ್ಲ, ಅಲ್ಲಿ ಮೆತ್ತನೆ ನೆರಳಿನಲ್ಲಿ ಮಕ್ಕಳ ಮುಖ ತೆಗೆಯಿರಿ. ಅಲ್ಲಿನ ಹಲವು ಶಿಲ್ಪಗಳ ಕೆಳಗೆ ಮಲ್ಲಿತಮ್ಮ ಅಂತ ಶಿಲ್ಪಿಯ ಹೆಸರು ಹಳಗನ್ನಡ ಲಿಪಿಯಲ್ಲಿ ಕೊರೆದಿದೆ. ಮಕ್ಕಳಿಗೆ ಆ ಅಕ್ಷರ ಹುಡುಕಲು ಹೇಳಿ. ಅವರು ಬಾಗಿ, ಬೆರಳು ತೋರಿಸುತ್ತಾ ಗೋಡೆಗೆ ಅಂಟಿಕೊಂಡು ಹುಡುಕುತ್ತಾರೆ. ಗುಡಿ ಮುಂದೆ ನಿಲ್ಲಿಸಿ ತೆಗೆದ ಹತ್ತು ಫೋಟೋಗಿಂತ ನನಗೆ ಅದೇ ಇಷ್ಟ.

ಒಂದು ಎಚ್ಚರಿಕೆ ಹೇಳಬೇಕು. ಶ್ರೀರಂಗಪಟ್ಟಣದ ಸಂಗಮ, ಪಶ್ಚಿಮವಾಹಿನಿ ಕಡೆ ಹೋದರೆ ನದಿ ಮೇಲಿನ ಬೆಳಕು ತುಂಬ ಚೆನ್ನಾಗಿರುತ್ತದೆ. ಆದರೆ ಅಲ್ಲಿಗೆ ಜನ ಅಸ್ಥಿ ಬಿಡಲು ಬರುತ್ತಾರೆ. ಶುರುವಿನ ದಿನಗಳಲ್ಲಿ ನಾನು ಅಲ್ಲಿ ಒಬ್ಬರ ಫೋಟೋ ತೆಗೆದಿದ್ದೆ. ನೀರಿನಲ್ಲಿ ಮಂಡಿವರೆಗೆ ನಿಂತು, ಖಾಲಿ ಮಡಕೆ ಹಿಡಿದಿದ್ದರು. ಅವರು ತಿರುಗಿ ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ಆ ಫಿಲಂ ಇವತ್ತಿಗೂ ನನ್ನ ಹತ್ತಿರ ಇದೆ, ಯಾರಿಗೂ ತೋರಿಸಿಲ್ಲ. ದುಃಖದಲ್ಲಿರುವವರನ್ನು, ಸ್ನಾನ ಮಾಡುವವರನ್ನು ಬಿಟ್ಟುಬಿಡಿ. ಗರ್ಭಗುಡಿ ಕಡೆಗೂ ಫೋನ್ ಎತ್ತಬೇಡಿ.

ಇನ್ನು ಮೈಸೂರು. ಅರಮನೆಯ ಮುಖ ಪೂರ್ವಕ್ಕಿದೆ. ಬೆಳಗಿನ ಬಿಸಿಲು ಮುಂಭಾಗದ ಮೇಲೆ ಬೀಳುತ್ತದೆ. ಮಧ್ಯಾಹ್ನ ಎರಡರ ಮೇಲೆ ಹೋದರೆ ಮುಂಭಾಗ ನೆರಳು, ಹಿಂದಿನ ಆಕಾಶ ಬೆಳ್ಳಗೆ, ಫೋಟೋ ಮಂಕು. ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ 7ರ ಹೊತ್ತಿಗೆ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುತ್ತವೆ. ಕಡುನೀಲಿ ಆಕಾಶದ ಮುಂದೆ ಹೊನ್ನಿನ ಅರಮನೆ ಇರುವ ಫೋಟೋ ನೋಡಿ ನೀವು ಆಸೆ ಪಟ್ಟಿರುತ್ತೀರಿ. ಅದು ಜೂನ್, ಜುಲೈಯಲ್ಲಿ ಸುಲಭ. ಆಗ ಸೂರ್ಯ ಮುಳುಗುವುದೇ 6:50ರ ಸುಮಾರಿಗೆ, ದೀಪ ಹತ್ತುವಾಗ ಹಿಂದಿನ ಪಶ್ಚಿಮದ ಆಕಾಶ ಇನ್ನೂ ನೀಲಿ. ಜನವರಿಯಲ್ಲಿ 7ಕ್ಕೆ ಆಕಾಶ ಹೆಚ್ಚುಕಡಿಮೆ ಕಪ್ಪು. ಆದ್ದರಿಂದ ಇಡೀ ಅರಮನೆ ಹಿಡಿಯುವ ಆಸೆ ಬಿಟ್ಟು ಎರಡು ಮೂರು ಕಮಾನು ಮಾತ್ರ ತುಂಬಿಸಿ, ಅದರ ಮುಂದೆ ಜನರ ಕಪ್ಪು ಆಕೃತಿ ಇಡಿ. ದೀಪದ ಮೇಲೆ ಬೆರಳೊತ್ತಿ ಬೆಳಕು ಇಳಿಸಿದರೆ ಬಲ್ಬುಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣುತ್ತವೆ. ದೀಪ ಹತ್ತುವ ಆ ಮೊದಲ ಕ್ಷಣದಲ್ಲಿ ಮಾತ್ರ ಅರಮನೆಗೆ ಬೆನ್ನು ಮಾಡಿ ಮಕ್ಕಳ ಮುಖ ನೋಡುತ್ತಿರಿ. ಕಿಚ್ಚಿನ ಹತ್ತಿರ ಮಾಡಿದ ಹಾಗೆಯೇ.

ಅಮ್ಮನ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದು ಅದಕ್ಕೆ ಮೈಸೂರಿನ ದೇವರಾಜ ಮಾರುಕಟ್ಟೆ ಬೇಕು ಅಂತ. ಅಮ್ಮ ಕಲ್ಲಿನ ಹಾಗೆ ನಿಲ್ಲುವುದು ಅವರ ತಪ್ಪಲ್ಲ. ಅವರ ಕಾಲದಲ್ಲಿ ಫೋಟೋ ಅಂದರೆ ಸ್ಟುಡಿಯೋ. ಸೀರೆ ನೆರಿಗೆ ಸರಿ ಮಾಡಿಕೊಂಡು, ಕೈ ಕೆಳಗೆ ಬಿಟ್ಟು, ಅಲುಗಾಡದೆ ನಿಲ್ಲಬೇಕಿತ್ತು. ನಗು ಅಂದರೆ ಇನ್ನೂ ಬಿಗಿಯಾಗುತ್ತಾರೆ. ಅವರ ಕೈಗೆ ಕೆಲಸ ಕೊಡಿ. ಬೆಳಗ್ಗೆ 9ರೊಳಗೆ ಮಾರುಕಟ್ಟೆಯ ಹೂವಿನ ಸಾಲಿಗೆ ಕರೆದುಕೊಂಡು ಹೋಗಿ, ಮನೆಗೆ ಹೂವು ನೀನೇ ನೋಡಿ ತಗೋ ಅಮ್ಮ ಅಂತ ದುಡ್ಡು ಕೊಟ್ಟುಬಿಡಿ.

ನೀವು ಮುಂಚೆಯೇ ಹೋಗಿ ಅಂಗಡಿ ಆರಿಸಿರಬೇಕು. ನೀಲಿ ಟಾರ್ಪಾಲಿನ ಕೆಳಗಿನ ಅಂಗಡಿ ಬೇಡ, ಮುಖವೆಲ್ಲ ನೀಲಿಯಾಗಿ ಬರುತ್ತದೆ. ಆಕಾಶದ ಬೆಳಕು ನೇರವಾಗಿ ಒಳಗೆ ಇಳಿಯುವ, ಹಿಂದೆ ಕತ್ತಲಿರುವ ಅಂಗಡಿ ನೋಡಿ. ಕುಂಕುಮದ ರಾಶಿಗಳ ಮುಂದೆ ಎಲ್ಲರೂ ಫೋನ್ ಹಿಡಿದು ನಿಂತಿರುತ್ತಾರೆ, ಅಂಗಡಿಯವರಿಗೂ ಅದು ಸಾಕಾಗಿದೆ. ಹೂವಿನವರ ಹತ್ತಿರ ಮೊದಲು ನೀವೇ ಒಂದು ಮೊಳ ಕೊಂಡು, ನಮ್ಮಮ್ಮ ಬರ್ತಾರೆ, ಒಂದು ಫೋಟೋ ತೆಗೆಯಲಾ ಅಂತ ಕೇಳಿ. ಬೇಡ ಅಂದರೆ ಮುಂದಿನ ಅಂಗಡಿ.

ಆಮೇಲೆ ನಾಲ್ಕು ಹೆಜ್ಜೆ ದೂರ ನಿಂತು 2ಎಕ್ಸ್ ಹಾಕಿಕೊಂಡು, ಫೋನನ್ನು ಎದೆಯ ಮಟ್ಟದಲ್ಲಿ ಹಿಡಿದು 10 ನಿಮಿಷ ಸುಮ್ನೆ ಇರಿ. ಅಮ್ಮ ಮೊದಲು ನಿಮ್ಮ ಕಡೆ ಒಂದೆರಡು ಸಲ ನೋಡುತ್ತಾರೆ. ಆಗ ತೆಗೆಯಬೇಡಿ. ಸ್ವಲ್ಪ ಹೊತ್ತಿಗೆ ಸೇವಂತಿಗೆ ಬಾಡಿದೆಯಾ ಅಂತ ಮೂಗಿನ ಹತ್ತಿರ ಹಿಡಿಯುತ್ತಾರೆ. ಹೂವಿನಾಕೆ ಬೆರಳ ತುದಿಯಿಂದ ಮೊಣಕೈವರೆಗೆ ಮಾಲೆ ಎಳೆದು ಅಳೆಯುತ್ತಾಳೆ. ನಿನ್ನ ಮೊಳ ಚಿಕ್ಕದಾಯಿತು ಅಂತ ಅಮ್ಮ ತಮ್ಮ ಕೈ ಚಾಚಿ, ತಾವೇ ಅಳೆದು ತೋರಿಸುತ್ತಾರೆ. ಎರಡು ಕೈ, ನಡುವೆ ಹೂವು, ಇಬ್ಬರ ಮುಖದಲ್ಲೂ ಚೌಕಾಸಿಯ ನಗು. ಅವಾಗ ಒತ್ತಿ.